ಸೋಮವಾರ ಎಳೆದ ಕೊರಡು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಖನಿಜ ಶೋಧನೆಯ ಒಂದು ಶಿಬಿರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ದಾಟಿ, ಡಾಂಬರು ಮುಗಿದ ಮೇಲೂ ಬಹಳ ದೂರ ಜೀಪಿನಲ್ಲಿ ಕುಲುಕಿಕೊಂಡು ಹೋದರೆ ಸಿಗುವ ಒಂದು ಊರಿನ ಹೊರಗೆ ನಮ್ಮ ಡೇರೆಗಳಿದ್ದವು. ಅಲ್ಲಿನ ಕೆಂಪು ಹೊಲಗಳಲ್ಲಿ ಬಿಳಿ ಬೆಣಚುಕಲ್ಲಿನ ಪಟ್ಟಿಯೊಂದು ಅಲ್ಲಲ್ಲಿ ತಲೆ ಎತ್ತಿತ್ತು. ಅದರಲ್ಲಿ ಚಿನ್ನದ ಅಂಶ ಇದೆಯೇ, ಇದ್ದರೆ ಗಣಿ ಮಾಡುವಷ್ಟಿದೆಯೇ ಎಂದು ನೋಡುವುದು ನಮ್ಮ ಕೆಲಸ.

ನಾನು ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಬೆಳೆದವನು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಶಿಬಿರದಲ್ಲೂ ಅದೇ ಪಾಠ ನಡೆಸಿದೆ. ಬೆಳಕು ಹರಿಯುವ ಮೊದಲು ಸೀಟಿ. ಸಂಜೆ ಗುದ್ದಲಿ, ಸಲಿಕೆ ತೊಳೆದು ಸಾಲಾಗಿ ಇಟ್ಟ ಮೇಲೆಯೇ ಊಟ. ಭಾನುವಾರ ಬಟ್ಟೆ ಒಗೆಯುವ ದಿನ, ಅಂದು ಯಾರೂ ಸಲಿಕೆ ಮುಟ್ಟುವಂತಿಲ್ಲ. “ನಮ್ಮ ಸಾಹೇಬ್ರು ಸೀಟಿ ಊದದಿದ್ರ ಸೂರ್ಯಾನೂ ಏಳಂಗಿಲ್ಲ” ಎಂದು ನಮ್ಮ ಜೀಪಿನ ಚಾಲಕ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನು ಹಡಗಲಿ ಸೀಮೆಯ ಮಾಗಳದವನು. ಬಾಯಿ ಸುಮ್ಮನಿರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಾವು ಬೆನ್ನುಹತ್ತಿದ್ದ ಬೆಣಚುಕಲ್ಲಿನ ಪಟ್ಟಿ ಒಬ್ಬ ರೈತನ ಶೇಂಗಾ ಹೊಲದ ನಡುವೆ ಹಾದುಹೋಗಿತ್ತು. ಅಡ್ಡಲಾಗಿ ಒಂದು ಕಂದಕ ತೋಡಿ ಮಾದರಿ ತೆಗೆಯಬೇಕಿತ್ತು. ರೈತ ಮಿತಭಾಷಿ. ಮಾತೆಲ್ಲ ಅವನ ಹೆಂಡತಿಯದು.

“ಅಗಿಯೋದು ಅಗಿತೀರಿ, ಆಮ್ಯಾಲ?” ಎಂದಳು.

“ಮುಚ್ಚಿ ಕೊಡ್ತೀವಮ್ಮ. ಬಿತ್ತುವ ಮಳೆ ಬರುವ ಮೊದಲು ಹೊಲ ಮೊದಲಿದ್ದ ಹಾಗೇ ಇರುತ್ತೆ.”

“ಹಿಂಗ ಅಂದವರು ಭಾಳ ಮಂದಿ ಬಂದು ಹೋಗ್ಯಾರ್ರಿ. ಅವರು ತೋಡಿದ ತಗ್ಗಿನ್ಯಾಗ ನಮ್ಮ ಆಡು ಬೀಳತಾವ.”

ನಾನು ಮಾತು ಕೊಟ್ಟೆ. ಅಗೆಯುವಾಗ ಕೆಂಪು ಮೇಲ್ಮಣ್ಣನ್ನು ಒಂದು ಬದಿಗೆ, ಅದರಡಿಯ ಕಲ್ಲು ಬೆರೆತ ಗರಸನ್ನು ಇನ್ನೊಂದು ಬದಿಗೆ ಹಾಕಿಸಿದೆ. ಎರಡೂ ಕಲೆಯಬಾರದು. ಗರಸು ಕೆಳಗೆ, ಕೆಂಪು ಮಣ್ಣು ಮೇಲೆ ಬಂದರೆ ಮಾತ್ರ ಅಲ್ಲಿ ಬೆಳೆ ಏಳುತ್ತದೆ. ಕೆಂಪು ಮಣ್ಣು ಕೈತಪ್ಪಿದರೆ ಆ ಪಟ್ಟಿ ಎಷ್ಟೋ ವರ್ಷ ಬರಡು.

ಕೆಲಸ ಶನಿವಾರ ಮುಗಿಯಬೇಕಿತ್ತು. ಆದರೆ ನಮ್ಮ ಕಿರಿಯ ಭೂವಿಜ್ಞಾನಿ ಕಂದಕದ ಒಂದು ತುದಿಯಲ್ಲಿ ಇನ್ನಷ್ಟು ಮಾದರಿ ಬೇಕೆಂದ. ಒಪ್ಪಿದೆ. ಗರಸು ತುಂಬುವಷ್ಟರಲ್ಲಿ ಶನಿವಾರ ಕತ್ತಲಾಯಿತು. ಭಾನುವಾರ ರಜೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮೇಲ್ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹರಡಿದೆವು. ಇನ್ನು ಕೊರಡು ಎಳೆಸುವುದೊಂದು ಬಾಕಿ. ಕೊರಡೆಂದರೆ ಎತ್ತುಗಳಿಗೆ ಕಟ್ಟಿ ಹೊಲ ಸಮ ಮಾಡುವ ಮರದ ದಿಮ್ಮಿ. ಅದು ಒಂದೆರಡು ಸಲ ಓಡಾಡಿದರೆ ದಿಬ್ಬ ತಗ್ಗುಗಳು ಒಂದಾಗಿ ಮಣ್ಣು ಕೂರುತ್ತದೆ.

ಅಷ್ಟರಲ್ಲಿ ಪಡುವಣ ದಿಕ್ಕು ಕಪ್ಪಾಯಿತು. ಗಾಳಿಯಲ್ಲಿ ಮಣ್ಣಿನ ವಾಸನೆ ಬಂತು. ಸಡಿಲ ಮಣ್ಣಿನ ಮೇಲೆ ಜೋರು ಮಳೆ ಬಿದ್ದರೆ ಅಷ್ಟೂ ಕೆಂಪು ಮಣ್ಣು ಇಳಿಜಾರಿನ ಹಳ್ಳಕ್ಕೆ ಹೋಗುತ್ತಿತ್ತು.

“ಎತ್ತು ಹೂಡಪ್ಪ, ಬೇಗ” ಎಂದೆ.

ರೈತ ಕದಲಲಿಲ್ಲ. “ಇವತ್ತು ಸೋಮವಾರ ಐತ್ರಿ ಸಾಹೇಬ್ರ.”

ನನಗೆ ತಕ್ಷಣ ತಿಳಿಯಿತು. ನಮ್ಮ ಕಡೆ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ನಮ್ಮ ಮನೆಯವರು ಅಂಗಡಿ ನಡೆಸುತ್ತಿದ್ದವರು, ಎತ್ತು ಕಟ್ಟಿದವರಲ್ಲ. ಹಾಗಾಗಿ ವಾರದ ಕೆಲಸ ಗೊತ್ತುಮಾಡುವಾಗ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಬೇರೆ ಸೀಮೆಯಿಂದ ಬಂದಿದ್ದ ಭೂವಿಜ್ಞಾನಿ, “ಸ್ವಲ್ಪ ಹೊತ್ತು ತಾನೆ?” ಎಂದು ಶುರು ಮಾಡಿದ. ರೈತನ ಹೆಂಡತಿ ಅವನನ್ನು ಅಲ್ಲಿಗೇ ನಿಲ್ಲಿಸಿದಳು.

“ನಿಮಗ ಐತವಾರ ಸೂಟಿ ಐತಿ. ನಮ್ಮ ಎತ್ತಿಗಿ ಸೋಮವಾರ ಸೂಟಿ. ನಿನ್ನಿ ನಿಮ್ಮನ್ನ ಯಾರಾರ ಎಬ್ಬಿಸಾಕ ಬಂದಿದ್ರೇನು?”

ಯಾರೂ ಬಂದಿರಲಿಲ್ಲ. ಬೇವಿನ ಮರದಡಿ ಎರಡೂ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಊರಿನ ಒಂದೇ ಟ್ರ್ಯಾಕ್ಟರ್ ಕೊಟ್ಟೂರಿಗೆ ಹೋಗಿತ್ತು. ಚಾಲಕ ಜೀಪು ತರುತ್ತೇನೆಂದ. ಬೇಡವೆಂದೆ. ಹೊಸದಾಗಿ ತುಂಬಿದ ಕಂದಕದಲ್ಲಿ ಗಾಲಿ ಹೂತರೆ ಇರುವ ಕೆಲಸವೂ ಕೆಡುತ್ತದೆ.

“ಹಂಗಾರ ನಾವಾ ಎಳಿಯೋಣಲ್ರಿ” ಎಂದ ಚಾಲಕ, ತಮಾಷೆಗೆ.

ನಾನು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಹಗ್ಗ ಎತ್ತಿಕೊಂಡೆ. ಅವನ ನಗು ನಿಂತಿತು. ಭೂವಿಜ್ಞಾನಿ ಬಂದ, ಕೆಲಸದ ಆಳುಗಳೂ ಬಂದರು. ಎರಡು ಸಾಲಾಗಿ ನಿಂತು ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡೆವು. ಕೊರಡಿಗೆ ಭಾರ ಬೇಕಲ್ಲ, ರೈತ ಅದರ ಮೇಲೆ ಹತ್ತಿ ನಿಂತ. ರೂಢಿಯಂತೆ ಕೈಯಲ್ಲಿ ಬಾರುಕೋಲು ಹಿಡಿದಿದ್ದ.

“ಅದನ್ನ ಕೆಳಗ ಇಡಪ್ಪ, ನಿನ್ನ ಕೈಮುಗಿತೀನಿ” ಎಂದ ಚಾಲಕ.

ಹಗ್ಗ ಬಿಗಿಯಿತು, ಕೊರಡು ಕದಲಿತು. ರೈತನ ಹೆಂಡತಿ ಬದುವಿನ ಮೇಲೆ ನಿಂತಿದ್ದಳು, ಅವಳಿಗೆ ಈಗ ಕೈತುಂಬ ಕೆಲಸ. “ಎಡಗಡಿ ಹೋರಿ ಬರೇ ಬಾಯಿ ಮಾಡತೈತಿ, ಎಳಿಯಾಕ ಒಲ್ಲದು” ಎಂದಳು. ಎಡಗಡೆ ಇದ್ದವನು ಚಾಲಕ.

“ಮೇವು ಹಾಕಿದ್ರ ಎಳಿತೈತಬೇ ಯಕ್ಕಾ!”

“ಕೆಲಸ ಮೊದಲು, ಮೇವು ಆಮ್ಯಾಲ.”

“ಬಲಗಡಿದು?” ಎಂದು ಭೂವಿಜ್ಞಾನಿ ಏದುಸಿರಿನಲ್ಲೇ ಕೇಳಿದ. ಬಲಗಡೆ ಮುಂದೆ ಇದ್ದವನು ನಾನು.

ರೈತ ಕೊರಡಿನ ಮೇಲಿಂದಲೇ ಹೇಳಿದ: “ಅದಕ್ಕ ವಯಸ್ಸಾಗೈತ್ರಿ. ಆದ್ರ ಸಾಲು ಬಿಡಂಗಿಲ್ಲ.”

ಎಲ್ಲರೂ ನಕ್ಕರು. ನಗುವಾಗ ಎಳೆಯಲಾಗುವುದಿಲ್ಲ, ಕೊರಡು ನಿಂತಿತು. ಮತ್ತೆ ಎಳೆದೆವು. ಉದ್ದಕ್ಕೆ ಹೋಗಿ, ತಿರುಗಿ ಬಂದು, ಅಡ್ಡಕ್ಕೂ ಒಮ್ಮೆ ಎಳೆದೆವು. ಹೆಗಲು ಉರಿಯುತ್ತಿತ್ತು. ಮೊದಲ ಹನಿಗಳು ಬೀಳುವಾಗ ಕೊರಡು ಬದುವಿಗೆ ಬಂದಿತ್ತು. ರೈತನ ಹೆಂಡತಿ ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅಂದು ಸಲಿಕೆ ತೊಳೆಯುವ ಮೊದಲೇ ಊಟವಾಯಿತು.

ಸಂಜೆ ಸುರಿದ ಮಳೆ ಕತ್ತಲಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದೆ. ಹೊಲದಲ್ಲಿ ಎಲ್ಲೂ ಕೊರಕಲಿಲ್ಲ. ಹಳ್ಳದ ಕಡೆಯ ಬದುವಿನ ಒಳಗೆ ತಿಳಿಯಾದ ನೀರು ಸ್ವಲ್ಪ ನಿಂತಿತ್ತು. ಅದರ ತಳದಲ್ಲಿ ಕೆಂಪು ರಾಡಿ ಇರಲಿಲ್ಲ.

ಮಾದರಿಗಳಲ್ಲಿ ಚಿನ್ನ ಹೆಸರಿಗಷ್ಟೇ ಇತ್ತೆಂದು ಮುಂದೆ ವರದಿ ಬಂತು. ಅಲ್ಲಿ ಗಣಿ ಬರಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಇದೆ ಎಂದು ಹೇಳುವಂತೆಯೇ ಇಲ್ಲವೆಂದು ಖಚಿತವಾಗಿ ಹೇಳುವುದೂ ನಮ್ಮ ಕೆಲಸವೇ.

ಮಳೆ ನಿಂತು ನೆಲ ಹದಕ್ಕೆ ಬಂದ ದಿನ ಗಂಡ ಹೆಂಡತಿ ಬಿತ್ತನೆಗೆ ಇಳಿದರು. ಅವನು ಎತ್ತು ಹೊಡೆಯುತ್ತಿದ್ದ, ಅವಳು ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದಳು. ನಾನು ಬದುವಿನ ಮೇಲೆ ನಿಂತಿದ್ದೆ. ಹೊಲದ ನಡುವೆ ಬಂದಾಗ ಅವಳು ತಲೆ ಎತ್ತಿ ಅತ್ತಿತ್ತ ನೋಡಿದಳು.

“ಎಲ್ಲಿ ಅಗದಿದ್ರು? ಇಲ್ಲೋ, ಅಲ್ಲೋ?”

“ಗೊತ್ತಾಗವಲ್ದು” ಎಂದ ಅವನು. “ನೀ ಬೀಜ ಬಿಡು.”