ಬಾಟಲಿಗೆ ಗೆಜ್ಜೆ ಕಟ್ಟಿದವಳು

ಅವಳ ಮೂಗಿನ ಎರಡೂ ಕಡೆ ಕೆಂಪು ಕಲ್ಲಿನ ಮೂಗುತಿಗಳಿದ್ದವು. ಯಾವುದಾದರೂ ಬಾಟಲಿಯ ಮುಚ್ಚಳ ತೆಗೆದು ಮೂಸುವಾಗ ಹೊಳ್ಳೆಗಳು ಅಗಲವಾಗಿ ಆ ಎರಡು ಕಲ್ಲುಗಳೂ ಒಟ್ಟಿಗೆ ಮೇಲೇಳುತ್ತಿದ್ದವು, ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ತೀರ್ಪು. "ಇದು ಕಡ್ಲೆಕಾಯಿ ಎಣ್ಣೆ. ಇದು ಸೀಮೆಎಣ್ಣೆ. ಇದು ಟೊಮೇಟೊಗೆ ಹೊಡಿಯೋದು! ಉಪ್ಪಿನ ಜಾಡಿ ಪಕ್ಕ ಇಟ್ಟಿದ್ದೀಯಲ್ಲೇ ಮೂದೇವಿ, ನಿನ್ ತಲೆ ಎಲ್ಲಿಟ್ಟಿದ್ದೆ?" ಕಂಡವರ ವಿಷಯಕ್ಕೆ ಮೂಗು ತೂರಿಸುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನಮ್ಮ ಪೆದ್ದಮ್ಮ ಕಂಡವರ ಅಡುಗೆಮನೆಗೇ ನುಗ್ಗಿ ತೂರಿಸುತ್ತಿದ್ದಳು.

ಪೆದ್ದಮ್ಮ ಅಂದರೆ ತೆಲುಗಿನಲ್ಲಿ ದೊಡ್ಡಮ್ಮ. ರಕ್ತಸಂಬಂಧವೇನೂ ಇರಲಿಲ್ಲ. ನಂಗಲಿಯ ಹೆದ್ದಾರಿ ಬಿಟ್ಟು ಒಳಕ್ಕೆ ಬಂದರೆ ಸಿಗುವ ನಮ್ಮೂರಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ಮಧ್ಯೆ ಒಂದೇ ಗೋಡೆ. ಗೋಡೆಯ ಈ ಕಡೆ ನಮ್ಮ ಅಡುಗೆಮನೆ, ಆ ಕಡೆ ಅವಳ ಅಡುಗೆಮನೆ. ಅವಳ ಮನೆಮಾತು ತೆಲುಗು, ನಮ್ಮದು ಕನ್ನಡ, ಜಗಳಕ್ಕೆ ಎರಡೂ ಆಗುತ್ತಿತ್ತು. ಅಮ್ಮ ಅವಳನ್ನು ಅಕ್ಕಾ ಎನ್ನುತ್ತಿದ್ದಳು. ಅಮ್ಮ ಸಾರಿಗೆ ಒಗ್ಗರಣೆ ಹಾಕಿದರೆ ಗೋಡೆಯಾಚೆಯಿಂದ "ಬೆಳ್ಳುಳ್ಳಿ ಸೀದೋಯ್ತು ಕಣೇ!" ಎಂದು ಕೂಗು ಬರುತ್ತಿತ್ತು. ಅಂಥಾ ಮೂಗು, ಅಂಥಾ ಕಿವಿ.

ಅಡುಗೆಮನೆಗಳಲ್ಲಿ ಅವಳಿಗೆ ಸಿಗುತ್ತಿದ್ದ ವಸ್ತುಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಲಾರಿ ಡ್ರೈವರ್ ಮನೆಯಲ್ಲಿ ಬ್ಯಾಟರಿಗೆ ಹಾಕುವ ಆಸಿಡ್ಡು ಕುಡಿಯುವ ನೀರಿನ ಬಾಟಲಿಯಲ್ಲಿ, ಅದೂ ನೀರಿನ ಕೊಡದ ಪಕ್ಕದಲ್ಲೇ ಕೂತಿತ್ತು. ರೇಷ್ಮೆ ಸಾಕುವವರ ಮನೆಯಲ್ಲಿ ಹುಳುವಿನ ಕೋಣೆ ತೊಳೆಯುವ ಫಾರ್ಮಲಿನ್, ನೋಡಲು ಥೇಟ್ ನೀರು. ಮಗುವಿನ ಹಾಲಿನ ಪುಡಿಯ ಡಬ್ಬದಲ್ಲಿ ಇಲಿ ಪಾಷಾಣ. ಒಂದು ಮನೆಯಲ್ಲಂತೂ ತಿರುಪತಿಯಿಂದ ತಂದ ತೀರ್ಥದ ಬಾಟಲಿಯೂ ಕಳೆ ಸಾಯಿಸುವ ಔಷಧಿಯ ಬಾಟಲಿಯೂ ಅವಳಿ ಮಕ್ಕಳ ಹಾಗೆ ಒಂದೇ ಗೂಡಿನಲ್ಲಿ ನಿಂತಿದ್ದವು. "ಮುಕ್ಕೋಟಿ ದೇವರುಗಳು ಕಾಯ್ತಾವ್ರೆ ನಿಮ್ಮನ್ನ, ನಿಮ್ ಬುದ್ಧಿ ಅಲ್ಲ" ಎಂದು ಆ ಮನೆಯ ಸೊಸೆಗೆ ಉಗಿದು ಬಂದಳು.

ಅಡುಗೆಮನೆಯಲ್ಲಿ ಅವೆಲ್ಲ ಯಾಕಿರುತ್ತವೆ ಎಂದು ಪಟ್ಟಣದವರು ಕೇಳುತ್ತಾರೆ. ನಮ್ಮ ಕಡೆ ಅದಕ್ಕೊಂದು ಲೆಕ್ಕಾಚಾರವಿತ್ತು. ಔಷಧಿಯನ್ನು ತೋಟದ ಶೆಡ್ಡಿನಲ್ಲಿಟ್ಟರೆ ಕದಿಯುತ್ತಾರೆ, ಕೊಟ್ಟಿಗೆಯಲ್ಲಿಟ್ಟರೆ ದನ ನೆಕ್ಕುತ್ತದೆ, ನಡುಮನೆಯಲ್ಲಿಟ್ಟರೆ ನೆಂಟರಿಗೆ ವಾಸನೆ. ಅಡುಗೆಮನೆಯಲ್ಲಾದರೆ ಯಾವಾಗಲೂ ಹೆಂಗಸರ ಕಣ್ಣಿರುತ್ತದೆ! ದೊಡ್ಡ ಡಬ್ಬವನ್ನು ಒಬ್ಬರು ತಂದು ಇಬ್ಬರು ಮೂವರು ಹಂಚಿಕೊಳ್ಳುವುದು ವಾಡಿಕೆ. ಹಂಚಿಕೊಂಡದ್ದನ್ನು ಸುರಿದುಕೊಳ್ಳಲು ಕೈಗೆ ಸಿಕ್ಕಿದ ಜ್ಯೂಸಿನ ಬಾಟಲಿ. ಹೀಗೆ ನಮ್ಮೂರಿನ ಎಲ್ಲ ಮನೆಗಳ ಒಲೆಯ ಮೇಲಿನ ಗೂಡಿನಲ್ಲೂ ಸಾವು ಬೆಚ್ಚಗೆ ಕೂತಿರುತ್ತಿತ್ತು.

ಅವಳ ಉಪಾಯ ಗೆಜ್ಜೆ. ಉಳುವುದಕ್ಕೆ ಟ್ರ್ಯಾಕ್ಟರ್ ಕರೆಸುವ ಕಾಲ ಬಂದು ಅವರ ಮನೆಯವರು ಎತ್ತು ಮಾರಿದಾಗ ಎತ್ತಿನ ಕೊರಳಿನ ಗೆಜ್ಜೆಸರವನ್ನು ಮಾತ್ರ ಅವಳು ಕೊಟ್ಟಿರಲಿಲ್ಲ. ಆ ಸರದಿಂದ ಒಂದೊಂದೇ ಗೆಜ್ಜೆ ಬಿಚ್ಚಿ, ಊರಿನಲ್ಲಿ ಯಾರ ಮನೆಯಲ್ಲಿ ಔಷಧಿ ಬಾಟಲಿ ಕಂಡರೂ ಅದರ ಕತ್ತಿಗೆ ಕಟ್ಟಿಬಿಡುತ್ತಿದ್ದಳು. ಸರ ಮುಗಿದ ಮೇಲೆ ಮುಳಬಾಗಿಲಿನ ಸಂತೆಯಲ್ಲಿ ಹಗ್ಗ, ಮೂಗುದಾರ ಮಾರುವವನ ಹತ್ತಿರ ಹೊಸದು ಕೊಂಡಳು. ಮಕ್ಕಳನ್ನು ಕೂರಿಸಿಕೊಂಡು ಕಣ್ಣು ದೊಡ್ಡದು ಮಾಡಿ ಹೇಳುತ್ತಿದ್ದಳು: "ಗೆಜ್ಜೆ ಸದ್ದಾಯ್ತಾ, ಕೈ ತೆಗೀಬೇಕು. ಅದು ಯಮನ ಕೋಣದ ಗೆಜ್ಜೆ, ತಿಳೀತಾ?" ನಮಗೆ ಚಳಿ ಹಿಡಿದಂತಾಗುತ್ತಿತ್ತು.

ಊರವರು ನಗದೆ ಬಿಡುತ್ತಾರೆಯೇ? "ಬೆಕ್ಕಿಗೆ ಗಂಟೆ ಕಟ್ಟೋರು ಯಾರೂ ಇಲ್ಲ ಅಂತಾರೆ, ನಮ್ಮೂರಲ್ಲಿ ಬಾಟ್ಲಿಗೆ ಕಟ್ಟೋರವ್ರೆ" ಎಂದು ನನ್ನಪ್ಪನೇ ಹೇಳಿಕೊಂಡು ತಿರುಗುತ್ತಿದ್ದ. ಅವಳೂ ಏನು ಕಡಿಮೆಯವಳಲ್ಲ. ಒಂದು ಮನೆಯಲ್ಲಿ ಯಜಮಾನ ರಾಗಿ ತುಂಬಿಡುವ ವಾಡೆಯೊಳಗೆ ಬಚ್ಚಿಟ್ಟಿದ್ದ ಬ್ರಾಂದಿ ಬಾಟಲಿ ಸಿಕ್ಕಿತು. ಮೂಸಿದಳು, ಮೂಗುತಿಗಳು ಮೇಲೆದ್ದವು, ಒಂದು ಮಾತೂ ಆಡದೆ ಅದಕ್ಕೂ ಗೆಜ್ಜೆ ಕಟ್ಟಿ ವಾಪಸ್ಸು ಹೂತಿಟ್ಟು ಬಂದಳು. ಸಂಜೆ ಆ ಮನೆಯಲ್ಲಿ ಗಲ್ ಎಂದದ್ದು ಬೀದಿಗೆಲ್ಲ ಕೇಳಿಸಿತು. ಆಮೇಲೆ ಹೆಂಡತಿಯ ಬೈಗುಳವೂ.

ಅವಳಿಗೆ ಈ ಹುಚ್ಚು ಹಿಡಿದದ್ದು ಮಗಳು ಸತ್ತ ಮೇಲೆ. ಅದು ಊರಿಗೆಲ್ಲ ಗೊತ್ತಿತ್ತು. ಹೊಸದಾಗಿ ಮದುವೆಯಾದ ಮಗಳು ಆಷಾಢಕ್ಕೆಂದು ತವರಿಗೆ ಬಂದಿದ್ದಳು. ತಿಂಗಳು ಮುಗಿದು ಗಂಡನ ಮನೆಗೆ ಹೊರಡಬೇಕು ಅನ್ನುವಾಗ, ಅಡುಗೆಮನೆಯಲ್ಲಿದ್ದ ಹಸಿರು ಬಾಟಲಿಯನ್ನು ಜ್ಯೂಸ್ ಎಂದುಕೊಂಡು ಕುಡಿದುಬಿಟ್ಟಳು, ಪಾಪ, ಗೊತ್ತಾಗಲಿಲ್ಲ. ಊರು ಹೇಳುತ್ತಿದ್ದದ್ದು ಇಷ್ಟು. ಅಂದಿನಿಂದ ಪೆದ್ದಮ್ಮ ತನ್ನ ಮನೆಯವರ ಔಷಧಿ ಡಬ್ಬವನ್ನು ತೋಟದ ಪಂಪ್‌ಹೌಸ್ ದಾಟಿ ಈಚೆಗೆ ಬರಲು ಬಿಟ್ಟವಳಲ್ಲ. ಆದರೂ ಅವಳ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ಒಂದು ಹಸಿರು ಬಾಟಲಿ ನೇತಾಡುತ್ತಿತ್ತು, ಕತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಗೆಜ್ಜೆ. ಅದರ ಹತ್ತಿರ ಸುಳಿಯಲು ನಮಗ್ಯಾರಿಗೂ ಧೈರ್ಯವಿರಲಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಮ್ಮನಿಗೆ ಗಂಡು ಮಗುವಾಯಿತು. ಹೆಸರಿಡುವ ಮೊದಲೇ ಹೋಯಿತು. ಬಂದವರೆಲ್ಲ "ಹೋಗ್ಲಿ ಬಿಡು, ಇನ್ನೊಂದಾಗತ್ತೆ" ಎಂದು ಕಾಫಿ ಕುಡಿದು ಹೋದರು. ಅಮ್ಮ ಅಳಲಿಲ್ಲ. ಅದೇ ತಪ್ಪಾಯಿತೇನೋ. ಕಟ್ಟಿಕೊಂಡ ಎದೆಹಾಲನ್ನು ಬಚ್ಚಲಿನಲ್ಲಿ ಹಿಂಡಿ ಬಂದು ಒಲೆಯ ಮುಂದೆ ಕೂತರೆ ಬೆಂಕಿ ಆರಿದರೂ ಏಳುತ್ತಿರಲಿಲ್ಲ. ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕುವುದನ್ನೇ ಮರೆಯುತ್ತಿದ್ದಳು. ತಲೆ ಬಾಚಲು ಕರೆದರೆ ನನ್ನನ್ನು ಯಾರೋ ಪರಕೀಯಳ ಹಾಗೆ ನೋಡುತ್ತಿದ್ದಳು. ಅಪ್ಪ ಬೈದ, ಬೇಡಿಕೊಂಡ, ಕೊನೆಗೆ ಬೆಳಗ್ಗೆ ಎದ್ದು ತೋಟಕ್ಕೆ ಹೋಗುವುದೊಂದೇ ಸುಲಭ ಎಂದುಕೊಂಡ.

ಆ ಮಧ್ಯಾಹ್ನ ಅಪ್ಪ ಟೊಮೇಟೊ ಹಾಕಲು ಮಂಡಿಗೆ ಹೋಗಿದ್ದ. ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಒಳಗಿನಿಂದ ಗಲ್ ಎಂದಿತು. ಮತ್ತೆ ಒಂದು ಸಲ, ಸಣ್ಣಗೆ, ಯಾರೋ ಕೈಯಿಂದ ಅದುಮಿದ ಹಾಗೆ.

ನಾನು ಮಡಿಲಿನ ಕಾಯಿ ಕೊಡವಿ ಏಳುವಷ್ಟರಲ್ಲಿ ಪೆದ್ದಮ್ಮ ಹಿತ್ತಿಲ ಬೇಲಿಯನ್ನೇ ಮುರಿದುಕೊಂಡು ಬಂದಿದ್ದಳು. ಕೂದಲು ಬಿಚ್ಚಿತ್ತು, ಮೊಣಕೈವರೆಗೆ ರಾಗಿಹಿಟ್ಟು. ನಾನು ಒಳಗೆ ಹೋಗಿ ನೋಡಿದರೆ ಅಮ್ಮ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದಾಳೆ, ಎರಡೂ ಕೈಯಲ್ಲಿ ಔಷಧಿ ಬಾಟಲಿ. ಮುಚ್ಚಳ ಇನ್ನೂ ಹಾಗೇ ಇದೆ. ಪೆದ್ದಮ್ಮ ಅದನ್ನು ಕಿತ್ತುಕೊಳ್ಳಲಿಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅಮ್ಮನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. ನಾಲ್ಕು ಕೈಗಳೂ ನಡುಗಿ ಗೆಜ್ಜೆ ಒಂದೇ ಸಮನೆ ಸದ್ದು ಮಾಡುತ್ತಿತ್ತು.

"ಎಣ್ಣೆ ಅನ್ಕೊಂಡೆ ಅಕ್ಕಾ" ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮಾತು ಅದು.

"ಹ್ಞೂಂ ಕಣಮ್ಮ. ನನ್ ಮಗ್ಳು ಜ್ಯೂಸ್ ಅನ್ಕೊಂಡ್ಲು ಅಂತ ಊರಿಗೆಲ್ಲಾ ಹೇಳಿದ್ದು ನಾನೇ."

ಅಮ್ಮ ತಲೆಯೆತ್ತಿ ನೋಡಿದಳು.

"ಗಂಡನ ಮನೆಗೆ ಹೋಗಲ್ಲ ಅಂದ್ಲು. ಆಷಾಢ ಮುಗೀತು, ಇಟ್ಕೊಂಡ್ರೆ ಊರು ನಗತ್ತೆ, ಹೋಗ್ಲೇಬೇಕು ಅಂದೆ. ಆಯ್ತಮ್ಮಾ ಅಂದ್ಲು. ಅಷ್ಟೇ. ನಾನು ಗೋಡೆಗೆ ಬೆನ್ನು ಕೊಟ್ಕೊಂಡು ಪಡಸಾಲೆಯಲ್ಲಿ ರಾಗಿ ಕೇರ್ತಾ ಕೂತಿದ್ದೆ. ಗೋಡೆ ಆಚೆನೇ ಅವಳು. ಒಂದು ಸದ್ದಾಗ್ಲಿಲ್ಲ ಕಣೇ. ಒಂದೇ ಒಂದು ಸದ್ದಾಗಿದ್ರೆ ನಾನು ಎದ್ದು ಹೋಗ್ತಿರ್ಲಿಲ್ವಾ?"

ಆಗ ಅಮ್ಮ ಅತ್ತಳು. ಅಬ್ಬಾ, ಆ ಅಳು! ಬಾಟಲಿ ಬಿಟ್ಟು ಪೆದ್ದಮ್ಮನ ಹಿಟ್ಟಿನ ಕೈ ಹಿಡಿದುಕೊಂಡು, ಮಗುವಿಗಾಗಿ ಅಳಬೇಕಾದದ್ದನ್ನೆಲ್ಲ ಅತ್ತಳು. ಪೆದ್ದಮ್ಮ ಕಾಲಿನಿಂದ ಬಾಟಲಿಯನ್ನು ನನ್ನ ಕಡೆಗಲ್ಲ, ಮೂಲೆಗೆ ತಳ್ಳಿ, "ಪಾಪಾ, ಹೋಗಿ ನಿನ್ ಅವರೆಕಾಯಿ ತಗೊಂಬಾ, ಇಲ್ಲೇ ಕೂತ್ಕೊಂಡು ಸುಲಿಯೋಣ" ಎಂದಳು. ನಾವು ಮೂವರೂ ಸುಲಿದೆವು.

ಆ ಸಂಜೆ ಅಪ್ಪ ಬಂದಾಗ ಪೆದ್ದಮ್ಮ ಅವನನ್ನು ಹಿತ್ತಿಲಿಗೆ ಕರೆದು ಎರಡೂ ಭಾಷೆಯಲ್ಲಿ ಝಾಡಿಸಿದಳು. ಮಾರನೆಯ ದಿನ ತಾನೇ ಮುಂದೆ ನಿಂತು ಅಮ್ಮನನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಾಣಂತಿಯರಿಗೆ ಹೀಗಾಗುವುದುಂಟು, ಇದಕ್ಕೆ ಮಾತ್ರೆ ಇದೆ, ಒಬ್ಬಳನ್ನೇ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದರಂತೆ. ಪೆದ್ದಮ್ಮ ಅದನ್ನು ಅಕ್ಷರಶಃ ತೆಗೆದುಕೊಂಡಳು. ಅಮ್ಮ ಸರಿಹೋಗುವವರೆಗೆ ಎರಡೂ ಮನೆಯ ಅಡುಗೆ ಅವಳ ಒಂದೇ ಒಲೆಯಲ್ಲಾಯಿತು. ಅಪ್ಪ ತೋಟದಲ್ಲಿ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ಮಾಡಿಸಿದ. ಗೆಜ್ಜೆಯ ಮಾತೆತ್ತಿ ಆಮೇಲೆ ಅವನು ಯಾವತ್ತೂ ನಗಲಿಲ್ಲ.

ಹೋದ ವರ್ಷ ಪೆದ್ದಮ್ಮನಿಗೆ ಗಂಟಲಲ್ಲಿ ಗೆಡ್ಡೆ ಎಂದರು. ನಾನೀಗ ಕೋಲಾರದಲ್ಲಿ ಕೆಲಸದಲ್ಲಿದ್ದೇನೆ, ಆಸ್ಪತ್ರೆಗೆ ಓಡಾಡಿಸಿದವಳು ನಾನೇ. ಕೊನೆಗೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಇಡೀ ಊರನ್ನು ಬೈದ ಧ್ವನಿ ಪೂರ್ತಿ ನಿಂತುಹೋಗಿ ಬರೀ ಉಸಿರು ಉಳಿದಿತ್ತು. ನಡುಮನೆಯ ಮಂಚ ಬೇಡ, ಅಡುಗೆಮನೆಯಲ್ಲೇ, ಆ ಮೊಳೆಯ ಕೆಳಗೆ ಚಾಪೆ ಹಾಕಿ ಎಂದು ಕೈಸನ್ನೆ ಮಾಡಿ ಹಟ ಹಿಡಿದಳು. ಅವಳ ಮಗ, ಸೊಸೆ ಬೆಳಗ್ಗೆಯೇ ಹಣ್ಣು ಬಿಡಿಸಲು ತೋಟಕ್ಕೆ ಹೋಗಿ ತಿಂಡಿಯ ಹೊತ್ತಿಗೆ ಬರುತ್ತಿದ್ದರು. ನಡುವೆ ಅವಳೊಬ್ಬಳೇ.

ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ಬೆಳಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಳು. ಗೋಡೆಯಾಚೆಯಿಂದ ಗಲ್ ಎಂದಿತು.

ಅಮ್ಮನ ಕೈಯಿಂದ ಸೌಟು ಬಿತ್ತು. ಮಂಡಿನೋವಿನ ಹೆಂಗಸು, ಹಿತ್ತಿಲ ಬೇಲಿ ದಾಟಿ ಹೇಗೆ ಓಡಿದಳೋ ನಾನರಿಯೆ. ನಾನು ಹೋಗಿ ನೋಡುವಾಗ ಮೊಳೆಯಲ್ಲಿದ್ದ ಹಸಿರು ಬಾಟಲಿ ಪೆದ್ದಮ್ಮನ ಎದೆಯ ಮೇಲಿತ್ತು. ಅಮ್ಮ ಅದನ್ನು ಕಿತ್ತುಕೊಂಡು, ಮುಚ್ಚಳ ತಿರುಚಿ, ಕಣ್ಣು ಮುಚ್ಚಿ ಮೂಸಿದಳು. ಮತ್ತೆ ಮೂಸಿದಳು. ಬಾಟಲಿಯಲ್ಲಿ ಏನೂ ಇರಲಿಲ್ಲ.

ಪೆದ್ದಮ್ಮನ ತುಟಿ "ನೀರು" ಎಂದಿತು.

ಅಮ್ಮನಿಗೆ ಸಿಟ್ಟು ಬಂತು ನೋಡಿ. ಚಮಚದಲ್ಲಿ ನೀರು ಹಾಕುತ್ತ ಅಳುತ್ತ ಬೈದಳು. "ನನ್ ಪ್ರಾಣ ಹೋದಂಗಾಯ್ತಲ್ಲಕ್ಕಾ! ನೀರು ಬೇಕಿದ್ರೆ ಪಕ್ಕದಲ್ಲೇ ಲೋಟ ಐತೆ, ನೆಲಕ್ಕೆ ಕುಟ್ಟೋದಲ್ವಾ?"

ಪೆದ್ದಮ್ಮನಿಗೆ ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು. "ಲೋಟಕ್ಕೆ ಯಾರ್ ಓಡ್ ಬರ್ತಾರೆ?" ಎಂದಳು. ಮೂಗುತಿಯ ಕಲ್ಲುಗಳು ಮೇಲೆದ್ದವು. ನಗುತ್ತಿದ್ದಳು.

"ಇದ್ರಲ್ಲಿ ಏನೂ ಇಲ್ವಲ್ಲ, ಇಷ್ಟ್ ವರ್ಷ ಹೆದರಿಸಿದ್ದು ಬರೀ ಬಾಟ್ಲಿನಾ?" ಎಂದಳು ಅಮ್ಮ.

"ಅವಳ್ದು" ಎಂದಳು ಪೆದ್ದಮ್ಮ. "ಆವತ್ತೇ ತೊಳೆದಿಟ್ಟೆ."

ಅಂದಿನಿಂದ ಪ್ರತಿದಿನ ಬೆಳಗ್ಗೆ ಅದೇ ಕರೆ. ಮಗ, ಸೊಸೆ ಹೊರಟದ್ದೇ ತಡ, ಗೋಡೆಯಾಚೆ ಗಲ್ ಎನ್ನುತ್ತಿತ್ತು, ಅಮ್ಮ "ಬಂದೆ ಬಂದೆ, ಏನವಸರ ನಿಂಗೆ" ಎನ್ನುತ್ತ ಹೋಗಿ ಗಂಜಿ ಕುಡಿಸಿ, ಮುಖ ಒರೆಸಿ, ಊರ ಸುದ್ದಿ ಹೇಳಿ ಬರುತ್ತಿದ್ದಳು. ಒಂದು ಬೆಳಗ್ಗೆ ಅಮ್ಮ ಗಂಜಿ ಆರಿಸಿಕೊಂಡು ಕಾದಳು. ಗೋಡೆಯ ಆಚೆ ಏನೂ ಕೇಳಿಸಲಿಲ್ಲ. ಆವತ್ತು ಅಮ್ಮ ಎಂದಿಗಿಂತ ಜೋರಾಗಿ ಓಡಿದಳಂತೆ. ಹೋಗುವಷ್ಟರಲ್ಲಿ ಮೈ ತಣ್ಣಗಾಗಿತ್ತು, ಬೆರಳುಗಳು ಬಾಟಲಿಯ ಕತ್ತಿನ ಮೇಲೇ ಇದ್ದವು.

ತಿಥಿಯಾದ ಮೇಲೆ ಸೊಸೆ ನೆನಪಿಗೆಂದು ಸೀರೆ ಕೊಡಲು ಬಂದರೆ ಅಮ್ಮ ಬೇಡವೆಂದು ಆ ಬಾಟಲಿಯನ್ನು ಕೇಳಿ ತಂದಳು. ಈಗ ಅದು ನಮ್ಮ ಅಡುಗೆಮನೆಯ ಮೊಳೆಯಲ್ಲಿದೆ. ಶನಿವಾರ ಮನೆ ಸಾರಿಸಿದಾಗ ಅಮ್ಮ ಅದನ್ನು ಇಳಿಸಿ ಧೂಳು ಒರೆಸುತ್ತಾಳೆ. ಊರಿಗೆ ಹೋದಾಗ ನಾನು ಜಗಲಿಯಲ್ಲಿರಲಿ, ಹಿತ್ತಿಲಿನಲ್ಲಿರಲಿ, ಆ ಸದ್ದು ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಹೋಗುತ್ತೇನೆ.

"ಒರೆಸ್ತಿದ್ದೀನಿ ಕಣೇ" ಎನ್ನುತ್ತಾಳೆ ಅಮ್ಮ.

ಅದು ನನಗೂ ಗೊತ್ತು. ಆದರೂ ಎದ್ದು ಹೋಗಿ ನೋಡಿಯೇ ಬರುತ್ತೇನೆ.