ಚೀನಾದ ಮೆಕ್ಯಾನಿಕ್ ಮತ್ತೆ ಬಂದ ದಿನ

ನಮ್ಮ ದೇಶದವರೂ ಚೀನಾದವರೂ ಮತ್ತೆ ಕೈ ಕುಲುಕಿದರು, ಇನ್ನು ವಿಮಾನ ಓಡಾಡುತ್ತವೆ, ವ್ಯಾಪಾರ ಕುದುರುತ್ತದೆ ಎಂದು ಟಿವಿಯಲ್ಲಿ ಹೇಳುವಾಗ ನಾನು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಕೈ ನಿಂತುಹೋಯಿತು. ಈ ಸುದ್ದಿಗಾಗಿ ನಮ್ಮ ಯಜಮಾನರು ವರ್ಷಗಟ್ಟಲೆ ಕಾದಿದ್ದರು. ಸುದ್ದಿ ಬಂದಾಗ ಅವರೇ ಇರಲಿಲ್ಲ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಮನೆಯ ಹಿಂದೆ ಶೆಡ್ಡು, ಅದರಾಚೆ ಹಿಪ್ಪುನೇರಳೆ ತೋಟ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವುದು ಮನೆಯ ಕಸುಬು. ಬೇಯುವಾಗ ಒಳಗಿನ ಹುಳ ಸಾಯುತ್ತದಲ್ಲ, ಅದಕ್ಕೆ ದಿನಾ ಬೆಳಗ್ಗೆ ದೇವರ ಮುಂದೆ ತಪ್ಪುಕಾಣಿಕೆ ಹಾಕಿಯೇ ನಾನು ಒಲೆ ಹಚ್ಚುವುದು. ಚೀನಾದಿಂದ ದೊಡ್ಡ ಮಿಷನ್ ತರಿಸಿದಾಗ ಅದನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬಂದ. ಲಾಡ್ಜಿನ ಊಟ ಹಿಡಿಸದೆ ನಮ್ಮ ಮನೆಯಲ್ಲೇ ಉಳಿದ.

ಮುದ್ದೆ ಬಡಿಸಿದರೆ ಚಾಕಲೇಟಿನಂತೆ ಅಗಿಯುತ್ತಾ ಕೂರುತ್ತಿದ್ದ. ನಮ್ಮತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. "ಅಗೀಬಾರದು ಕಣಪ್ಪ, ನುಂಗ್ಬೇಕು! ಹಿಂಗೆ ಅಗಿತಾ ಕೂತ್ರೆ ನಿಮ್ಮೂರಿಗೆ ಹೋಗೋ ಹೊತ್ತಿಗೆ ಒಂದು ಮುದ್ದೆ ಮುಗೀತದೆ." ಆತ ಏನೂ ಗೊತ್ತಾಗದೆ ನಗುತ್ತಿದ್ದ. ಅವರೆಕಾಳು ನೆನೆಸಿದ ದಿನ ಮಾತ್ರ ನಮ್ಮ ಜೊತೆ ಹಿತುಕಲು ಕೂತುಬಿಟ್ಟ. ನೂಲಿನ ಎಳೆ ಹಿಡಿದು ಪಳಗಿದ ಬೆರಳು, ಕಾಳು ಸಿಪ್ಪೆಯಿಂದ ಚಿಮ್ಮುತ್ತಿತ್ತು. "ನೋಡು, ನಿನಗಿಂತ ವಾಸಿ," ಎಂದು ಯಜಮಾನರು ನನ್ನನ್ನು ಛೇಡಿಸಿದರು.

ಮಿಷನ್ ಶುರುವಾದ ದಿನ ಯಜಮಾನರಿಗೂ ಆತನಿಗೂ ಹಾರ ಹಾಕಿ, ಪಕ್ಕಪಕ್ಕ ನಿಲ್ಲಿಸಿ ಫೋಟೊ ತೆಗೆಸಿದೆವು. ಆತ ಊರಿಗೆ ಹೋದ ಮೇಲೂ ಸ್ನೇಹ ಬಿಡಲಿಲ್ಲ. ಫೋನಿನಲ್ಲಿ ಮುಖ ನೋಡಿಕೊಂಡು ಇವರು ಕನ್ನಡದಲ್ಲಿ, ಆತ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದರು. ಮಿಷನ್ನಿನ ಯಾವ ಚಕ್ರ, ಯಾವ ಬೆಲ್ಟು ಎಂದು ಕೈಸನ್ನೆಯಲ್ಲೇ ತಿಳಿಯುತ್ತಿತ್ತು. ಆಮೇಲೆ ಗಡಿಯಲ್ಲಿ ಜಗಳವಾಯಿತು. ಅವರು ಮಾತಾಡುತ್ತಿದ್ದ ಆಪ್ ಬಂದ್ ಆಯಿತು, ವೀಸಾ ನಿಂತಿತು, ಬಿಡಿಭಾಗ ಬರಲಿಲ್ಲ. ಸವೆದ ಚಕ್ರವನ್ನು ಯಜಮಾನರು ಚಿಂತಾಮಣಿಯ ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಿ ಅದರಂತೆಯೇ ಮಾಡಿಸಿ ತರುತ್ತಿದ್ದರು. ಗುಜರಿಗೆ ಹಾಕಿ ಎಂದವರಿಗೆ, "ಅವನು ಬರ್ಲಿ, ಸರಿ ಮಾಡ್ತಾನೆ," ಎನ್ನುತ್ತಿದ್ದರು. ಒಂದು ಬೆಳಗ್ಗೆ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ನರಳಾಡದೆ ಹೋದರಲ್ಲ, ದೇವರು ಅಷ್ಟಾದರೂ ನಡೆಸಿಕೊಟ್ಟ.

ಹೋದ ಅವರೆಕಾಯಿ ಕಾಲದಲ್ಲಿ ಆತ ಮತ್ತೆ ಬಂದ. ಮಿಷನ್ ಮಾರಿದ ಬೆಂಗಳೂರಿನ ಏಜೆಂಟನ ಮೂಲಕ ಕರೆಸಿದ್ದು ನನ್ನ ಮೈದುನ. ಕಾರು ಅಂಗಳಕ್ಕೆ ಬರುವಾಗ ನನ್ನ ಕಿವಿಯಲ್ಲಿ ಹೇಳಿದ:

"ಅತ್ತಿಗೆ, ಅಣ್ಣನ ವಿಷಯ ಅವನಿಗೆ ಗೊತ್ತಿಲ್ಲ."

"ಅಯ್ಯೋ, ಯಾಕಪ್ಪ ಹೇಳ್ಲಿಲ್ಲ?"

"ಅಣ್ಣ ಇಲ್ಲ ಅಂದ್ರೆ ಬರ್ತಾನೋ ಇಲ್ವೋ ಅಂತ ಬಾಯಿ ಬಿಡಲಿಲ್ಲ. ನೀವೇ ಹೇಳಿ. ನನಗಾಗಲ್ಲ."

ಆತ ಚಪ್ಪಲಿ ಬಿಟ್ಟು, ಅತ್ತೆಯ ಕಾಲು ಮುಟ್ಟಿ, ನನಗೆ ಕೈಮುಗಿದ. ಕೂದಲು ಬೆಳ್ಳಗಾಗಿತ್ತು. "ಬಾಸ್? ಬಾಸ್?" ಎಂದು ಯಜಮಾನರನ್ನು ಸುತ್ತ ಹುಡುಕಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಆತನ ಕಣ್ಣು ಗೋಡೆಗೆ ಹೋಯಿತು.

ಅಲ್ಲಿ ಯಜಮಾನರ ದೊಡ್ಡ ಫೋಟೊ ಇದೆ. ಅವರು ಮನಸಾರೆ ನಗುವ ಬೇರೆ ಫೋಟೊ ಇಲ್ಲವೆಂದು ಮಿಷನ್ ಶುರುವಾದ ದಿನದ್ದನ್ನೇ ಕತ್ತರಿಸಿ ಕಟ್ಟು ಹಾಕಿಸಿದ್ದೆವು. ಮೇಲೆ ಗಂಧದ ಹಾರ, ಕೆಳಗೆ ಕೆಂಪು ಬಲ್ಬು. ನಮ್ಮಲ್ಲಿ ಮಗುವಿಗೂ ಅದರ ಅರ್ಥ ಗೊತ್ತು. ಆತನಿಗೆ ಗೊತ್ತಿಲ್ಲ. ಹಾರ ಎಂದರೆ ಮರ್ಯಾದೆ ಎಂದು ಆತನಿಗೆ ಕಲಿಸಿದವರು ನಾವೇ. ಖುಷಿಯಿಂದ ಕುಣಿದಾಡಿಬಿಟ್ಟ. ಫೋಟೊದ ಅಂಚಿನಲ್ಲಿ ಕತ್ತರಿಗೆ ಸಿಗದೆ ಉಳಿದ ಒಂದು ಭುಜವನ್ನು ತೋರಿಸಿ "ಮೀ! ಮೀ!" ಎಂದ. ನಿಜ, ಅದು ಆತನ ಭುಜ. ನಾನು ದಿನಾ ಹೂವಿಡುತ್ತೇನೆ, ಒಂದು ದಿನವೂ ಗಮನಿಸಿರಲಿಲ್ಲ. ಹೆಬ್ಬೆರಳೆತ್ತಿ "ಬಾಸ್ ಬಿಗ್ ಮ್ಯಾನ್!" ಎಂದು ಗೋಡೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡ.

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋದರು. ನಾನು ನೀರಿನ ಚೊಂಬು ತಂದು ಕೊಟ್ಟೆ. ಆತ ಯಜಮಾನರು ಸಂತೆಗೆ ಹೋಗಿದ್ದಾರೆ ಎಂದುಕೊಂಡನೇನೋ, ಶೆಡ್ಡಿಗೆ ನಡೆದ.

ಮಧ್ಯಾಹ್ನದವರೆಗೂ ಸುತ್ತಿಗೆ, ಸ್ಪ್ಯಾನರ್ ಸದ್ದು. ಆಮೇಲೆ, ಯಜಮಾನರು ಹೋದಾಗಿನಿಂದ ಕೆಟ್ಟು ನಿಂತಿದ್ದ ಮಿಷನ್ನಿನ ಸದ್ದು ಕೇಳಿತು. ಅತ್ತೆ ಅಡುಗೆಮನೆಯಲ್ಲೇ ಕೈಮುಗಿದರು. ನನಗೆ ಮುಗಿಯಲಾಗಲಿಲ್ಲ.

ಊಟಕ್ಕೆ ಎಲೆ ಹಾಕಿದೆ. ಹಿತಕಿದಬೇಳೆ ಸಾರು, ಮುದ್ದೆ. ಆತ ಕೈ ತೊಳೆದು ಕೂತ, ಆದರೆ ಎಲೆ ಮುಟ್ಟಲಿಲ್ಲ. ಪಕ್ಕದಲ್ಲಿ ಇನ್ನೊಂದು ಮಣೆ ಎಳೆದಿಟ್ಟು ಬಾಗಿಲು ನೋಡುತ್ತಾ ಕೂತ. "ಈಟ್, ಈಟ್," ಎಂದರೆ ತಲೆಯಾಡಿಸಿ "ಬಾಸ್," ಎಂದ. ಆವಿ ಆರುತ್ತಾ ಬಂತು.

ಮೈದುನ ಫೋನ್ ಚಾಚಿದ. "ಇದರಲ್ಲಿ ಕನ್ನಡದಲ್ಲಿ ಹೇಳಿ ಅತ್ತಿಗೆ, ಅವರ ಭಾಷೆಯಲ್ಲಿ ಅದೇ ಹೇಳ್ತದೆ."

"ಬೇಡಪ್ಪ," ಎಂದೆ. ನಮ್ಮ ಯಜಮಾನರು ಹೋದರು ಎನ್ನುವುದನ್ನು ಯಾವುದೋ ಹೆಂಗಸಿನ ದನಿ ಫೋನಿನೊಳಗಿಂದ ಹೇಳುವುದು ಬೇಡವೆನಿಸಿತು. "ಬಾ," ಎಂದು ಆತನಿಗೆ ಕೈಸನ್ನೆ ಮಾಡಿ ತೋಟದ ಕಡೆ ನಡೆದೆ.

"ನೀವು ಹೋಗ್ತೀರಾ ಅಲ್ಲಿಗೆ?" ಎಂದು ಮೈದುನ ಹಿಂದಿನಿಂದ ಕೂಗಿದ. ನಮ್ಮ ಕಡೆ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಆಮೇಲೂ ಆ ಜಾಗಕ್ಕೆ ಕಾಲಿಡುವುದಿಲ್ಲ. ಅವರನ್ನು ಇಟ್ಟ ಜಾಗ ತೋಟದ ಯಾವ ಮೂಲೆ ಎಂದು ಗೊತ್ತಿತ್ತು, ಅಷ್ಟೆ. ಹಿಪ್ಪುನೇರಳೆ ಸಾಲಿನ ನಡುವೆ ಆತ ನನ್ನ ಹಿಂದೆ ಬಂದ. ಬಾಸ್ ತೋಟದಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು, ಸೊಪ್ಪಿನ ಮೇಲೆ ಇಣುಕಿ ಇಣುಕಿ ನೋಡುತ್ತಿದ್ದ.

ಮಣ್ಣಿನ ದಿಬ್ಬ. ತಲೆಯ ಕಡೆ ಒಂದು ಕಲ್ಲು, ಮೇಲೆ ಒಣಗಿದ ಚೆಂಡುಹೂವು. ನಾನು ಬೆರಳು ತೋರಿಸಿದೆ. ಆತ ಕಲ್ಲು ನೋಡಿದ, ನನ್ನ ಬರಿಹಣೆ ನೋಡಿದ, ಮನೆಯ ಕಡೆ ತಿರುಗಿದ. ಆ ಫೋಟೊ ನೆನಪಾಗಿರಬೇಕು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ದೊಡ್ಡ ಗಂಡಸು ಹಾಗೆ ದನಿ ತೆಗೆದು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಮಣ್ಣಿನ ದಿನ ಗಂಡಸರ್‍ಯಾರೂ ಹಾಗೆ ಅತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ದಿಬ್ಬದ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಾತಾಡತೊಡಗಿದ. ನನ್ನ ಜೊತೆಯಲ್ಲ, ಅವರ ಜೊತೆ. ಗಾಳಿಯಲ್ಲಿ ಚಕ್ರ ತಿರುಗಿಸಿದ, ಬೆರಳಲ್ಲಿ ಹಲ್ಲುಗಳನ್ನು ತೋರಿಸಿದ, ಏನನ್ನೋ ಬಿಚ್ಚಿದ, ಬಿಗಿದ. ಒಂದು ಪದವೂ ಬರದ ನನಗೆ ಎಲ್ಲಾ ಅರ್ಥವಾಯಿತು. ಮಿಷನ್ ಎಲ್ಲಿ ಕೆಟ್ಟಿತ್ತು, ಹೇಗೆ ಸರಿ ಮಾಡಿದೆ ಎಂದು ವರದಿ ಒಪ್ಪಿಸುತ್ತಿದ್ದ. ಅದನ್ನು ಕೇಳಿಸಿಕೊಳ್ಳಲೆಂದೇ ಅವರು ಕಾದಿದ್ದದ್ದು. ಹೇಳುವವರು ಬಂದರಲ್ಲ, ಅದು ದೇವರ ದಯೆಯೇ. ಆದರೆ ಇಷ್ಟು ತಡವಾಗಿ ಕೊಡುವ ದಯೆ ಅದೆಂಥದ್ದಪ್ಪ ತಂದೆ ಎಂದು ಮೊದಲ ಸಲ ಕೇಳಿಬಿಟ್ಟೆ.

ಆತ ಮಾತು ಮುಗಿಸಿ, ಇನ್ನು ನೀವು ಎನ್ನುವಂತೆ ನನ್ನ ಕಡೆ ನೋಡಿದ. ಮನೆಯಲ್ಲಿ ಫೋಟೊದ ಮುಂದೆ ಉಪ್ಪು ಮುಗಿದದ್ದನ್ನೂ ಹೇಳುವವಳು ನಾನು. ಇಲ್ಲಿ ದಿಬ್ಬದ ಸುತ್ತ ಪಾರ್ಥೇನಿಯಂ ಕಳೆ ಬೆಳೆದಿತ್ತು. ಕೂತು ಕೀಳತೊಡಗಿದೆ. ಆತನೂ ತೋಳು ಮಡಚಿಕೊಂಡು ಆಚೆ ಬದಿಯಿಂದ ಕಿತ್ತ. ಬೇರಿನ ಹಸಿಮಣ್ಣು ನನ್ನ ಉಗುರಿನೊಳಗೆ ಹೋಯಿತು. ಅವರನ್ನು ಇಟ್ಟ ಮಣ್ಣನ್ನು ನಾನು ಮುಟ್ಟಿದ್ದು ಅದೇ ಮೊದಲು.