ಸಪ್ಪಲಮ್ಮನ ಇಳಿಜಾರಿನಲ್ಲಿ ಆವಲಪ್ಪನ ಜೀಪು

ನಂಗಲಿಯ ಆವಲಪ್ಪನ ಜೀಪಿನ ಎತ್ತರವನ್ನು, ಅದನ್ನು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ಅದರ ಕೆಳಗೆ ಎಮ್ಮೆಯೊಂದು ಕೊಂಬು ತಗ್ಗಿಸದೆ ಹಾದು ಹೋಗುತ್ತಿತ್ತು. ಮಳೆ ಬಂದರೆ ಬೀದಿಯ ಕೋಳಿಗಳೆಲ್ಲ ಅದರಡಿ ಸೇರುತ್ತಿದ್ದವು. ಅಲ್ಲಿಂದ ತಲೆಯೆತ್ತಿದರೆ ಅವಕ್ಕೆ ಮೋಡ ಹತ್ತಿರವೋ ಜೀಪಿನ ಹೊಟ್ಟೆ ಹತ್ತಿರವೋ ತಿಳಿಯುತ್ತಿರಲಿಲ್ಲ. ಜನ ಹತ್ತಲೆಂದು ಆವಲಪ್ಪ ಹಲಸಿನ ಮರದ ಮಣೆಯೊಂದನ್ನು ಇಟ್ಟುಕೊಂಡಿದ್ದ. ಮಣೆಯ ಮೇಲೆ ನಿಂತರೂ ಕಾಲು ಎಟುಕದ ಮುದುಕಿಯರನ್ನು ಒಳಗಿದ್ದವರು ಬಾವಿಯಿಂದ ಕೊಡ ಸೇದುವ ಹಾಗೆ ಸೇದಿಕೊಳ್ಳುತ್ತಿದ್ದರು.

ಆವಲಪ್ಪ ಮಾತ್ರ ಕುಳ್ಳ. ದಿಂಬಿನ ಮೇಲೆ ದಿಂಬು ಹಾಕಿ ಕೂತರೇನೇ ಅವನಿಗೆ ರಸ್ತೆ ಕಾಣುತ್ತಿದ್ದದ್ದು. ಕೋಪ ಅಂದರೆ ಏನೆಂದು ಅರಿಯದ ಮನುಷ್ಯ. ಹಾರನ್ ಹೊಡೆಯಬೇಕಾಗಿ ಬಂದರೂ ಮುಖದಲ್ಲಿ ಮೊದಲು ಸಂಕೋಚ ಮೂಡುತ್ತಿತ್ತು. ಅಪ್ಪನ ರಾಗಿ ಹೊಲ, ಹಿಪ್ಪುನೇರಳೆ ತೋಟವನ್ನು ಅಣ್ಣನಿಗೆ ಬಿಟ್ಟು, ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದು, ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿ, ಬಸ್ಸು ಬಾರದ ಊರುಗಳಿಂದ ಜನರನ್ನು ಹೆದ್ದಾರಿಗೆ ತಂದು ಇಳಿಸುವುದು ಅವನ ಕಸುಬು.

ಜೀಪು ಎತ್ತರವಾದದ್ದು ಅವನ ಮದುವೆಯಿಂದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಗುಂಡ್ಲಬಂಡೆಯ ಚನ್ನರಾಯಪ್ಪನ ಮಗಳು ಶಾಮಲಮ್ಮನನ್ನು ಅವನಿಗೆ ಗೊತ್ತು ಮಾಡಿದರು. ಗುಂಡ್ಲಬಂಡೆ ಇರುವುದು ಗುಡ್ಡದ ಮೇಲೆ. ಅಲ್ಲಿಗೆ ಹೋಗುವ ಗಾಡಿದಾರಿಯಲ್ಲಿ ಬಂಡೆಗಳ ನಡುವೆ ಒಂದಿಷ್ಟು ಮಣ್ಣೂ ಇದೆ ಅನ್ನಬಹುದು. ಮದುವೆಯ ದಿನ ಮದುಮಗನ ಜೀಪು ಅಂಥದೊಂದು ಬಂಡೆಯ ಮೇಲೆ ಹೊಟ್ಟೆಯೂರಿ, ನಾಲ್ಕೂ ಚಕ್ರಗಳನ್ನು ಗಾಳಿಯಲ್ಲಿ ತಿರುಗಿಸುತ್ತಾ ನಿಂತುಬಿಟ್ಟಿತು. ಆವಲಪ್ಪ ಬಾಸಿಂಗ ಕಟ್ಟಿಕೊಂಡೇ ಗುಡ್ಡ ಹತ್ತಿದ. ಊಟದ ಹೊತ್ತಿಗೆ ಚನ್ನರಾಯಪ್ಪ ಬಡಿಸುವವರನ್ನು ಕರೆದು, “ದಾರೀಲಿ ಒಬ್ಬರು ನೆಂಟರು ಮಲಗಿಬಿಟ್ಟವ್ರೆ, ಅವರಿಗೂ ಒಂದು ಎಲೆ ಹಾಕಿ ಬನ್ರಪ್ಪ,” ಅಂದ. ಪಂಕ್ತಿಯೆಲ್ಲ ನಕ್ಕಿತು. ಆವಲಪ್ಪನೂ ನಕ್ಕ, ಆದರೆ ಮರೆಯಲಿಲ್ಲ.

ಮದುವೆಯ ಓಡಾಟ ಮುಗಿದೊಡನೆ ಅವನು ನಂಗಲಿಯಲ್ಲಿ ಲಾರಿ ರಿಪೇರಿ ಮಾಡುವ ಕದಿರೇಶನ ಶೆಡ್ಡಿಗೆ ಹೋದ.

“ಜೀಪು ಎತ್ತಬೇಕು,” ಅಂದ.

“ಎಷ್ಟು?”

“ಆ ಬಂಡೆ ಇನ್ಮೇಲೆ ಇದರ ಹೊಟ್ಟೆ ನೋಡಬಾರದು. ಅಷ್ಟು.”

ಕದಿರೇಶ ಎತ್ತಿದ. ಲಾರಿಯಿಂದ ಬಿಚ್ಚಿದ ಸ್ಪ್ರಿಂಗ್ ಪ್ಲೇಟುಗಳನ್ನು ಸೇರಿಸಿದ. ಸ್ಪ್ರಿಂಗಿನ ಮುಂದಿನ ತುದಿಯನ್ನು ಚಾಸಿಗೆ ತೂಗುಹಾಕುವ ಶಾಕಲ್ ಅನ್ನುವ ಕಬ್ಬಿಣದ ತುಂಡುಗಳನ್ನು ಉದ್ದ ಮಾಡಿದ. ದೊಡ್ಡ ಚಕ್ರ ತೊಡಿಸಿದ. ಮುಂದಿನ ಸಲ ಹೋದಾಗ ಬಂಡೆ ಕೆಳಗುಳಿಯಿತು, ಜೀಪು ಮೇಲೆ ಹೋಯಿತು. ಚನ್ನರಾಯಪ್ಪ ಹೊರಗೆ ಬಂದು ಸುತ್ತಲೂ ನೋಡಿ, “ಹತ್ತೋಕೆ ಏಣಿ ಎಲ್ಲಿ?” ಅಂತ ಮಾತ್ರ ಕೇಳಿದ.

ನಡುಕ ಶುರುವಾದದ್ದು ಅಲ್ಲಿಂದ. ಗಾಡಿದಾರಿಯಲ್ಲಿ ಜೀಪು ಎತ್ತಿನಷ್ಟು ಸಾಧು. ಹೆದ್ದಾರಿಗೆ ಬಂದು ಸಪ್ಪಲಮ್ಮನ ಗುಡಿಯ ಇಳಿಜಾರಿನಲ್ಲಿ ವೇಗ ಹಿಡಿದು, ಗುಡಿಯ ಮುಂದಿನ ಮೋರಿಯ ಉಬ್ಬನ್ನು ಮುಟ್ಟಿತೋ, ಮುಂದಿನ ಚಕ್ರಗಳೆರಡೂ ಎಡಕ್ಕೆ ಬಲಕ್ಕೆ ಬಡಿದುಕೊಳ್ಳಲು ತೊಡಗುತ್ತಿದ್ದವು. ಸ್ಟೀರಿಂಗು ಆವಲಪ್ಪನ ಕೈಯಲ್ಲಿ ಮೊಸರು ಕಡೆಯುವ ಕಡಗೋಲಾಗುತ್ತಿತ್ತು. ಆಗ ಜೀಪಿನಲ್ಲಿದ್ದ ಹಾಲಿನ ಕ್ಯಾನು ಬೆಣ್ಣೆಯಾಗಿ ಇಳಿಯುತ್ತಿತ್ತು. ಹುತ್ತೂರಿನ ರೈತನೊಬ್ಬ ಏರಿಸಿದ ರೇಷ್ಮೆಗೂಡಿನ ಮೂಟೆ, ಮುಳಬಾಗಿಲು ಮುಟ್ಟುವಷ್ಟರಲ್ಲಿ ತಾನಾಗಿ ನೂಲು ಬಿಚ್ಚಿಕೊಂಡು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಸೀರೆಯೇ ಆಗುತ್ತಿತ್ತಂತೆ. ಸೀರೆಯ ಮಾತನ್ನು ಬೇಕಾದರೆ ಬಿಡಿ. ಬೆಣ್ಣೆಯನ್ನು ತಿಂದವರಿದ್ದಾರೆ.

ಆವಲಪ್ಪ ಸ್ಟೀರಿಂಗನ್ನು ಎದೆಗೊತ್ತಿಕೊಂಡು, ಬ್ರೇಕನ್ನು ಮೆಲ್ಲಗೆ ಅದುಮಿ, ಜೀಪು ಸುಮ್ಮನಾದ ಮೇಲೆ ಉಸಿರು ಬಿಡುತ್ತಿದ್ದ. ಹಿಂದೆ ಕೂತವರ ಕಥೆಯೇ ಬೇರೆ. ಜೀಪು ನಡುಗುವುದು ಪ್ರತಿಸಲವೂ ಸಪ್ಪಲಮ್ಮನ ಗುಡಿಯ ಮುಂದೆ, ಬೇರೆಲ್ಲೂ ಅಲ್ಲ. ಹುಣಸೆಹಣ್ಣು ಮಾರುವ ಗುಂಡ್ಲಬಂಡೆಯ ಮುನಿಯಲ್ಲಮ್ಮ ಮೊದಲ ದಿನವೇ ಕಣ್ಣು ಮುಚ್ಚಿ ಕೈಮುಗಿದು, “ಒಚ್ಚಿಂದಿ, ಅಮ್ಮ ಬಂದಳು,” ಅಂದಳು. ತಪ್ಪಿಸಿಕೊಂಡ ತನ್ನ ಕಡಸು ಸಿಗುತ್ತದೆಯೇ ಎಂದು ಕೇಳಿಯೂಬಿಟ್ಟಳು. ಜೀಪು ಜೋರಾಗಿ ನಡುಗಿತು. ಸಂಜೆ ಮನೆಗೆ ಹೋದರೆ ಕಡಸು ಬಾಗಿಲಲ್ಲಿ ನಿಂತಿತ್ತು.

ಅಷ್ಟಾದ ಮೇಲೆ ಹೇಳಬೇಕೆ? ಅಳಿಯ ಕುಡಿಯುವುದನ್ನು ಬಿಡುತ್ತಾನೆಯೇ, ಬೋರಿಗೆ ನೀರು ಬೀಳುತ್ತದೆಯೇ, ಎಲ್ಲ ಪ್ರಶ್ನೆಗಳೂ ಜೀಪು ಹತ್ತಿ ಬಂದವು. ಮೆಲ್ಲಗೆ ನಡುಗಿದರೆ ನಿಧಾನಕ್ಕೆ ಆಗುತ್ತದೆ, ಜೋರಾಗಿ ನಡುಗಿದರೆ ಬೇಗ. ಶ್ರೀನಿವಾಸಪುರದಿಂದ ಕೂಡ ಬಂದವರುಂಟು. ಕಡೆಗೆ ಜೀಪಿನ ಮೂತಿಗೆ ಅರಿಶಿನ ಕುಂಕುಮ ಬಿದ್ದು, ಹೆಡ್‌ಲೈಟು ಕಾಣದಷ್ಟು ಬೇವಿನ ಸೊಪ್ಪು ಕಟ್ಟಿದರು.

ಇದರ ನಡುವೆ ಶಾಮಲಮ್ಮ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ. ಅವಳನ್ನು ಎತ್ತಿನ ಗಾಡಿಯಲ್ಲೇ ಕರೆದುಕೊಂಡು ಹೋದರು. ಜೀಪಿನ ಹೆಸರನ್ನು ಯಾರೂ ಎತ್ತಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮುಗಿದು ತಾಯಿ ಮಗುವನ್ನು ಮನೆ ತುಂಬಿಸಿಕೊಳ್ಳುವ ದಿನ ಹತ್ತಿರವಾಯಿತು. ಹೆಂಡತಿ ಮಗುವನ್ನು ತನ್ನ ಜೀಪಿನಲ್ಲೇ ಕರೆತರಬೇಕು ಎಂಬುದೊಂದೇ ಆವಲಪ್ಪನ ಮನಸ್ಸಿನಲ್ಲಿದ್ದದ್ದು.

“ನಡುಕ ನಿಲ್ಸು,” ಅಂತ ಕದಿರೇಶನಲ್ಲಿಗೆ ಹೋದ.

ಕದಿರೇಶ ಹಳೆಯ ಕಾರಿನದೊಂದು ಶಾಕಬ್ಸರ್ ತಂದ. ಎಣ್ಣೆ ತುಂಬಿದ ಪಿಚಕಾರಿಯಂಥ ಆ ಕೊಳವೆಯನ್ನು ಚಕ್ರಗಳನ್ನು ಜೋಡಿಸುವ ರಾಡಿಗೂ ಆಕ್ಸಲಿಗೂ ನಡುವೆ ಅಡ್ಡಲಾಗಿ ಬಿಗಿದ. “ಇನ್ನು ಚಕ್ರ ಬಡ್ಕೊಳ್ಳೋಕೆ ಹೋದ್ರೆ ಇದು ಕೈ ಹಿಡ್ಕೊಳ್ಳುತ್ತೆ,” ಅಂದ. ನಿಜ, ನಡುಕ ನಿಂತಿತು. ಆವಲಪ್ಪ ಮಾವನಿಗೆ ತೋರಿಸಲು ಗುಂಡ್ಲಬಂಡೆಗೆ ಹೋಗಿ, ಅತ್ತೆ ಮಾವಂದಿರನ್ನು ಕೂರಿಸಿಕೊಂಡು ಇಳಿಜಾರಿಗೆ ಬಂದ.

ಅಂದೇ ಶಾಕಬ್ಸರಿನ ಎಣ್ಣೆ ಸೋರಿ ಹೋಗಿತ್ತು. ಇಷ್ಟು ದಿನ ತಡೆದಿಟ್ಟ ನಡುಕವೆಲ್ಲ ಬಡ್ಡಿ ಸಮೇತ ಬಂತು. ಅತ್ತೆಯ ಮಡಿಲಿನ ತಟ್ಟೆಯಲ್ಲಿದ್ದ ಎಲೆ, ಅಡಿಕೆ, ಸುಣ್ಣ ತಾವಾಗಿಯೇ ಸೇರಿ ಕುಟ್ಟಿದಂತಾದವು. ಆಕೆ ಬಾಯಿಗೆ ಹಾಕಿಕೊಳ್ಳುವುದೊಂದೇ ಬಾಕಿ. ಎದುರಿಗೆ ಬರುತ್ತಿದ್ದ ಲಾರಿಯವನು ಹೆದರಿ ಗದ್ದೆಗೆ ಇಳಿದ. ಜೀಪು ನಿಂತ ಮೇಲೆ ಚನ್ನರಾಯಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಈ ಸಲ ತಮಾಷೆ ಮಾಡಲಿಲ್ಲ.

“ಅಳಿಯಂದ್ರೆ, ಕೂಸಿನ ಕತ್ತು ಇನ್ನೂ ನಿಂತಿಲ್ಲ. ಇದರಲ್ಲಿ ನಾನು ಕಳಿಸಲ್ಲ. ಎತ್ತಿನ ಗಾಡಿ ಕಟ್ಟಿಸ್ತೀನಿ. ನೀವು ಬೇಕಾದ್ರೆ ಗಾಡಿ ಹಿಂದೆ ಜೀಪಲ್ಲಿ ಬನ್ನಿ.”

ಜೀಪಿನವನ ಹೆಂಡತಿ ನಂಗಲಿಯ ಲಾರಿ ಡ್ರೈವರುಗಳೆಲ್ಲರ ಮುಂದೆ ಎತ್ತಿನ ಗಾಡಿಯಲ್ಲಿ ಬಂದಿಳಿಯುವುದು, ಹಿಂದೆ ಅವನು ಖಾಲಿ ಜೀಪಿನಲ್ಲಿ. ಆವಲಪ್ಪ ಆ ದಿನ ಅತ್ತೆಮನೆಯಲ್ಲಿ ಅರ್ಧ ಮುದ್ದೆಯನ್ನೂ ಮುಗಿಸಲಿಲ್ಲ. ಶಾಮಲಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು.

“ನಮ್ಮ ಮದುವೆಗೆ ಬಂದಾಗ ಇದು ನಡುಗ್ತಿತ್ತಾ?” ಅಂದಳು.

“ಇಲ್ಲ.”

“ಎತ್ತರ ಮಾಡಿದ ಮೇಲೆ ತಾನೇ? ಮತ್ತೆ ಇಳಿಸಿಬಿಡಿ.”

“ಇಳಿಸಿದ್ರೆ ಬಂಡೆ ಮೇಲೆ ಕೂತ್ಕೊಳ್ಳುತ್ತೆ. ನಿಮ್ಮಪ್ಪ ಮತ್ತೆ ಎಲೆ ಹಾಕಿಸ್ತಾರೆ.”

“ಹಂಗಾದ್ರೆ ಎತ್ತಿದವನ್ನ ಕೇಳಿ, ಎತ್ತುವಾಗ ಏನು ಕೆಡಿಸಿದ ಅಂತ.”

ಎಷ್ಟು ಸಲ ಶೆಡ್ಡಿಗೆ ಹೋದರೂ ಆವಲಪ್ಪ ಇದೊಂದನ್ನು ಮಾತ್ರ ಕೇಳಿರಲಿಲ್ಲ. ಮಾರನೆಯ ಬೆಳಗ್ಗೆ ಹೋಗಿ ಕೇಳಿದ. ಕದಿರೇಶ ಬೀಡಿ ಹಚ್ಚಿ, ಗೋಡೆಗೆ ಒರಗಿಸಿದ್ದ ಸೈಕಲ್ ತೋರಿಸಿದ.

“ಅದರ ಮುಂದಿನ ಫೋರ್ಕು ನೋಡ್ಲಾ. ನೆಟ್ಟಗಿದೆಯಾ? ತಲೆ ಹಿಂದಕ್ಕೆ ಒರಗಿದೆ, ಕಾಲು ಮುಂದಕ್ಕೆ ಚಾಚಿದೆ. ಅದಕ್ಕೇ ಕೈ ಬಿಟ್ರೂ ನೆಟ್ಟಗೆ ಹೋಗುತ್ತೆ. ಜೀಪಿನ ಚಕ್ರ ತಿರುಗೋ ಕಿಂಗ್‌ಪಿನ್ನೂ ಹಂಗೇ ಹಿಂದಕ್ಕೆ ಒರಗಿರಬೇಕು. ಶಾಕಲ್ ಉದ್ದ ಮಾಡಿದಾಗ ಆಕ್ಸಲ್ಲು ಮುಂದಕ್ಕೆ ಬಗ್ಗಿಬಿಡ್ತು.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ನೀನು ಎತ್ತು ಅಂದೆ, ಎತ್ತಿದೆ. ಒರಗಿಸು ಅಂದ್ಯಾ?”

“ಮತ್ತೆ ಆ ಶಾಕಬ್ಸರು?”

“ಅದು ಜಗಳ ಬಿಡಿಸೋನಿದ್ದಂಗೆ. ಶಕ್ತಿ ಇರೋ ತನಕ ಇಬ್ಬರನ್ನೂ ಹಿಡ್ಕೋತಾನೆ. ಜಗಳ ಯಾಕೆ ಬಂತು ಅಂತ ಕೇಳಲ್ಲ.”

ಇಬ್ಬರೂ ಜೀಪಿನಡಿ ಸೇರಿದರು. ಅಷ್ಟು ಎತ್ತರದಲ್ಲಿ ಮಲಗಬೇಕಿರಲಿಲ್ಲ, ಕುಕ್ಕರುಗಾಲಲ್ಲಿ ಕೂತೇ ಕೆಲಸ ಮಾಡಬಹುದಿತ್ತು. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ದಪ್ಪ ತುದಿ ಮುಂದಕ್ಕೆ ಬರುವಂತೆ ಕಬ್ಬಿಣದ ಬೆಣೆ ಕೊಟ್ಟು ಆಕ್ಸಲ್ಲನ್ನು ಹಿಂದಕ್ಕೆ ಒರಗಿಸಿದರು. ಸವೆದ ಕಿಂಗ್‌ಪಿನ್ ಬೇರಿಂಗ್ ಬದಲಿಸಿದರು. ಎಲ್ಲ ಸರಿಯಾದ ಮೇಲೆ, ಜಗಳ ಬಿಡಿಸುವವನೂ ಇರಲಿ ಅಂತ ಸೋರದ ಶಾಕಬ್ಸರೊಂದನ್ನು ಬಿಗಿದರು. ಆವಲಪ್ಪ ಒಬ್ಬನೇ ಇಳಿಜಾರಿಗೆ ಹೋಗಿ, ಮೋರಿಯ ಮೇಲೆ ಸ್ಟೀರಿಂಗಿನಿಂದ ಕೈ ತೆಗೆದು ನೋಡಿದ. ಜೀಪು ಮದುವೆಮನೆಯ ಹಿರಿಯರಂತೆ ಗಂಭೀರವಾಗಿ ನಡೆದು ಹೋಯಿತು.

ಕರೆತರುವ ದಿನ ಚನ್ನರಾಯಪ್ಪ ಜೀಪು ಹತ್ತಲು ಒಪ್ಪಿದ. ಆದರೆ ಅದಕ್ಕೂ ಮುಂಚೆ ಬೆಳಗ್ಗೆಯೇ ಎತ್ತಿನ ಗಾಡಿಯನ್ನು ಹೆದ್ದಾರಿಗೆ ಕಳಿಸಿಬಿಟ್ಟಿದ್ದ. “ಒಂದೇ ಒಂದು ಸಲ ನಡುಗಲಿ, ಅಲ್ಲೇ ಇಳಿಸಿ ಗಾಡಿಗೆ ಹತ್ತಿಸ್ತೀನಿ,” ಅಂದ. ಶಾಮಲಮ್ಮ ಮಗುವನ್ನೆತ್ತಿಕೊಂಡು ಮುಂದೆ ಕೂತಳು. ಚನ್ನರಾಯಪ್ಪ ಅವಳ ಹಿಂದೆಯೇ. ಎಂದಿನಂತೆ ಮುನಿಯಲ್ಲಮ್ಮನೂ ಊರಿನ ಇನ್ನಷ್ಟು ಜನರೂ ಹತ್ತಿದರು. ಮುನಿಯಲ್ಲಮ್ಮನಿಗೆ ಅಂದು ಹುಣಸೆಹಣ್ಣನ್ನು ಮುಳಬಾಗಿಲಲ್ಲಿ ಮಾರುವುದೋ ಕೋಲಾರಕ್ಕೆ ಒಯ್ಯುವುದೋ ಅಂತ ಅಮ್ಮನನ್ನು ಕೇಳುವುದಿತ್ತು.

ಇಳಿಜಾರು ಬಂತು. ಜೀಪು ವೇಗ ಹಿಡಿಯಿತು. ಹಿಂದೆ ಎಲ್ಲರೂ ಕೈಮುಗಿದರು. ಚನ್ನರಾಯಪ್ಪ ಮಗಳ ಭುಜ ಹಿಡಿದುಕೊಂಡ. ಮೋರಿಯ ಉಬ್ಬನ್ನು ಚಕ್ರ ಹತ್ತಿ ಇಳಿಯಿತು. ನೊಣ ಕೂತಾಗ ಎತ್ತಿನ ಚರ್ಮ ಒಮ್ಮೆ ಅದುರುವಂತೆ ಸ್ಟೀರಿಂಗು ಅದುರಿ, ಸುಮ್ಮನಾಯಿತು. ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸಿತು.

“ನಿಲ್ಸಪ್ಪಾ,” ಅಂದಳು ಮುನಿಯಲ್ಲಮ್ಮ. “ಅಮ್ಮ ಬರ್ಲಿಲ್ಲ. ಏನೋ ಮುನಿಸು. ಹಿಂಗೆ ಹೋಗೋದು ಬೇಡ.”

“ಹೌದು ಕಣಪ್ಪಾ, ನಿಲ್ಸು,” ಅಂದರು ಉಳಿದವರು. ಬಾಣಂತಿಯನ್ನು ಕೂರಿಸಿಕೊಂಡು ದೇವತೆಯ ಮುನಿಸಿನಲ್ಲಿ ಮುಂದೆ ಹೋಗಲು ಯಾರೂ ತಯಾರಿರಲಿಲ್ಲ. ಆವಲಪ್ಪ ಹುಣಸೆಮರದ ಕೆಳಗೆ ನಿಲ್ಲಿಸಿದ. ಡೀಸೆಲ್ ಇಂಜಿನ್ ಗುಡುಗುತ್ತಲೇ ಇತ್ತು. ಓಡುವಾಗ ಗೊತ್ತಾಗದ ಅದರ ಕುಲುಕಾಟ ನಿಂತಾಗ ಮೈಗೆ ಹತ್ತುತ್ತದೆ. ಸೀಟು, ಟಾರ್ಪಾಲು, ಮುನಿಯಲ್ಲಮ್ಮನ ಬಳೆ ಎಲ್ಲ ಸಣ್ಣಗೆ ಅದುರತೊಡಗಿದವು.

“ಬಂದಳು,” ಅಂದಳು ಮುನಿಯಲ್ಲಮ್ಮ ಸಮಾಧಾನದಿಂದ.

“ಶಾಮಲಾ, ಇಳಿಯಮ್ಮ,” ಅಂದ ಚನ್ನರಾಯಪ್ಪ. “ನಡುಗ್ತಾ ಇದೆ.”

ಗಾಡಿ ಅಲ್ಲೇ ಮರದಾಚೆ ಕಾಯುತ್ತಿತ್ತು. ಶಾಮಲಮ್ಮ ಅಲುಗಲಿಲ್ಲ. ಗಂಡನ ಮುಖ ನೋಡಿದಳು. ಆವಲಪ್ಪ ಇಂಜಿನ್ ಆರಿಸಿದ. ಜೀಪು ಕಲ್ಲಿನಂತಾಯಿತು.

“ಹೋದಳು,” ಅಂದಳು ಮುನಿಯಲ್ಲಮ್ಮ.

ಆವಲಪ್ಪ ಮತ್ತೆ ಚಾಲೂ ಮಾಡಿದ.

“ಬಂದಳು.”

ಆರಿಸಿದ.

“ಹೋದಳಲ್ಲೋ.”

“ಮಾವ,” ಅಂದ ಆವಲಪ್ಪ ಮೆಲ್ಲಗೆ, “ಇದು ಇಂಜಿನ್ನು. ಚಕ್ರ ಅಲ್ಲ.”

ಚನ್ನರಾಯಪ್ಪ ಇಳಿದು ಜೀಪಿನ ಮುಂದೆ ಹೋದ. ಅಳಿಯ ಇಂಜಿನ್ ಹಚ್ಚಿ ಆರಿಸುವಾಗಲೆಲ್ಲ ಬಗ್ಗಿ ಮುಂದಿನ ಚಕ್ರಗಳನ್ನು ನೋಡಿದ, ಕೈಯಿಟ್ಟ, ಕಾಲಿನಿಂದ ಒದ್ದ. ಹಿಂದಿನಿಂದ ಮುನಿಯಲ್ಲಮ್ಮನ ‘ಬಂದಳು’, ‘ಹೋದಳು’ ಕೇಳುತ್ತಲೇ ಇತ್ತು. ಕೊನೆಗೆ ಟವಲಿನಲ್ಲಿ ಬಾಯಿ ಮುಚ್ಚಿಕೊಂಡ. ನಗುತ್ತಿದ್ದ ಅಂತ ಹೆಗಲು ಕುಲುಕುವುದರಲ್ಲಿ ಗೊತ್ತಾಯಿತು.

“ಇವನು ಕರೆದರೆ ಬರ್ತಾಳೆ, ಸಾಕು ಅಂದರೆ ಹೋಗ್ತಾಳೆ,” ಅಂತ ಮುನಿಯಲ್ಲಮ್ಮ ಪಕ್ಕದವಳಿಗೆ ಹೇಳುತ್ತಿದ್ದಳು. “ಮುಂಚೆ ಅವಳಿಗಿಷ್ಟ ಬಂದಾಗ ಬರ್ತಿದ್ದಳು. ಈಗ ಹೇಳಿದ ಮಾತು ಕೇಳ್ತಾಳೆ.”

“ನಡೀರಿ ಅಳಿಯಂದ್ರೆ,” ಅಂದ ಚನ್ನರಾಯಪ್ಪ ಹತ್ತಿ ಕೂರುತ್ತಾ. “ಬಿಸಿಲೇರುತ್ತೆ, ಕೂಸಿದೆ.”

ಶಾಮಲಮ್ಮ ನಂಗಲಿಯಲ್ಲಿ ಜೀಪಿನಿಂದಲೇ ಇಳಿದಳು, ಹಲಸಿನ ಮಣೆಯ ಮೇಲೆ ಕಾಲಿಟ್ಟು. ಕದಿರೇಶ ಶೆಡ್ಡಿನಿಂದ ಹೊರಗೆ ಬಂದು, ಇದೆಲ್ಲ ತನ್ನದೇ ಎಂಬಂತೆ ನಿಂತಿದ್ದ. ಆರತಿಯಾಯಿತು, ಊಟವಾಯಿತು. ಹೊತ್ತು ಇಳಿಯುವಾಗ ಎತ್ತಿನ ಗಾಡಿ ನಿಧಾನವಾಗಿ ಬಂತು. ಚಾಪೆ ಹಾಸಿದ್ದ ಗಾಡಿಯಲ್ಲಿ ಬಣ್ಣ ಬಳಿದ ಮರದ ತೊಟ್ಟಿಲೊಂದಿತ್ತು, ತವರಿನಿಂದ ಮಗುವಿನ ಜತೆಗೆ ಕೊಡುವ ತೊಟ್ಟಿಲು.

“ಗಾಡಿ ಕಳಿಸಿದ್ದು ಇದಕ್ಕೆ,” ಅಂದ ಚನ್ನರಾಯಪ್ಪ ಯಾರೂ ಕೇಳದಿದ್ದರೂ. “ತೊಟ್ಟಿಲು ಜೀಪಲ್ಲಿ ಹಿಡಿಯುತ್ತಾ?”

ಆ ಜೀಪಿನಲ್ಲಿ ಒಂದು ಮದುವೆಯ ಚಪ್ಪರ ಹಿಡಿಯುತ್ತಿತ್ತು. ಆವಲಪ್ಪ ತೊಟ್ಟಿಲನ್ನು ತಾನೇ ಹೊತ್ತು ಒಳಗೆ ತಂದ.

ಆಮೇಲೆ ಎಷ್ಟೋ ವರ್ಷ ಅವನು ಆ ಜೀಪು ಓಡಿಸಿದ. ಸಪ್ಪಲಮ್ಮನ ಗುಡಿಯ ಮುಂದೆ ಪ್ರತಿಸಲ ನಿಲ್ಲಿಸಿ, ಇಂಜಿನ್ ಆರಿಸದೆ, ಜನ ತಮ್ಮ ತಮ್ಮ ಪ್ರಶ್ನೆ ಕೇಳಿ ಮುಗಿಸುವ ತನಕ ದಿಂಬುಗಳ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಹಾಲಿನ ಕ್ಯಾನು ಮಾತ್ರ ಹಾಲಾಗಿಯೇ ಇಳಿಯುತ್ತಿತ್ತು. ಬೆಣ್ಣೆಯ ರುಚಿ ಹತ್ತಿದ್ದವರು ಅದನ್ನು ಇಂದಿಗೂ ಹೇಳಿಕೊಂಡು ಕೊರಗುತ್ತಾರೆ.